ಆಷಾಢದ ಗಾಳಿಗೆ ಮಿನಿ 3 ಹಾರಿಸೋದು: ಮಿತಿ ಎಷ್ಟು, ಆರ್‌ಟಿಎಚ್ ಎತ್ತರ ಎಷ್ಟಿಡಬೇಕು?

ಕುಷ್ಟಗಿ ಕ್ಯಾಮೆರಾ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡ್ರೋನ್ ಡಿಜೆಐ ಮಿನಿ 3, ಪ್ರೊ ಅಲ್ಲ. ಮಾಮೂಲಿ ಬ್ಯಾಟರಿ ಸೇರಿ 248 ಗ್ರಾಂ. ಹಾರಿಸೋ ಜಾಗ ಎರಡು: ಕುಷ್ಟಗಿ, ಯಲಬುರ್ಗಾ ಕಡೆಯ ಬಯಲು ಹೊಲಗಳು, ಮತ್ತೆ ಗಂಗಾವತಿ ಆಚೆ ಸಾಣಾಪುರ, ಆನೆಗುಂದಿ ಬೆಟ್ಟದ ಸಾಲು. ಕಾಲ ಜೂನ್ ಕೊನೆಯಿಂದ ಆಗಸ್ಟ್ ತನಕ. ಆ ದಿನಗಳಲ್ಲಿ ನಮ್ಮ ಕಡೆ ಗಾಳಿ ಹೇಗಿರುತ್ತೆ ಅಂತ ಇಲ್ಲಿರೋರಿಗೆ ಹೇಳೋದೇನಿದೆ, ಒಣಗಲು ಹಾಕಿದ ಬಟ್ಟೆ ಪಕ್ಕದ ಮನೆ ಮಾಳಿಗೆ ಮೇಲೆ ಸಿಗುತ್ತೆ.

ಕೇಳಬೇಕಾಗಿರೋದು ನಾಲ್ಕು.

1. ಕಂಪನಿ ಕೊಟ್ಟಿರೋ ಗಾಳಿ ಮಿತಿ ಸೆಕೆಂಡಿಗೆ 10.7 ಮೀಟರ್. ಅಲ್ಲಿ ತನಕ ಹಾರಿಸಬಹುದಾ?

2. ಆರ್‌ಟಿಎಚ್ (ಡ್ರೋನ್ ತಾನಾಗೇ ಹೊರಟ ಜಾಗಕ್ಕೆ ವಾಪಸ್ ಬರೋ ವ್ಯವಸ್ಥೆ) ಎತ್ತರ 100 ಮೀಟರ್ ಇಟ್ಟಿದೆ. ಗಾಳಿ ದಿನಕ್ಕೆ ಇದು ಸರಿನಾ?

3. ನೆಲದ ಮೇಲೆ ಗಾಳಿ ಸುಮ್ಮನೇ ಇರುತ್ತೆ, 60 ಮೀಟರ್ ಏರಿದ ಕೂಡಲೇ ಆ್ಯಪ್‌ನಲ್ಲಿ ಜೋರು ಗಾಳಿ ಅಂತ ಎಚ್ಚರಿಕೆ ಬರುತ್ತೆ. ಸೆನ್ಸರ್ ತಪ್ಪಾ, ನಿಜವಾಗ್ಲೂ ಗಾಳೀನಾ?

4. ವಿಡಿಯೊದಲ್ಲಿ ದಿಗಂತ ಓರೆ ಬರುತ್ತೆ, ಫ್ರೇಮಿನ ಮೇಲ್ಗಡೆ ರೆಕ್ಕೆ ಕಾಣುತ್ತೆ. ಇದಕ್ಕೇನು ಮಾಡೋದು?

"ಗಾಳೀಲಿ ಹಾರಿಸಬೇಡಿ" ಅನ್ನೋ ಉತ್ತರ ಬೇಡ. ಅದು ಗೊತ್ತಿದೆ.

---

ನಾಲ್ಕು ರೆಕ್ಕೆ, ಬಳ್ಳಾರಿ

10.7ರಿಂದಲೇ ಶುರು ಮಾಡೋಣ. ಅದು ಗಾಳಿಯ ಜೋರು ಹೇಳೋ ಬೋಫರ್ಟ್ ಮಾಪಕದಲ್ಲಿ 5ನೇ ದರ್ಜೆಯ ಮೇಲಿನ ಅಂಚು, ಗಂಟೆಗೆ 38.5 ಕಿ.ಮೀ. ಅಷ್ಟು ಗಾಳಿ ತನಕ ಡ್ರೋನ್ ತನ್ನನ್ನ ತಾನು ಸಂಭಾಳಿಸಿಕೊಳ್ಳುತ್ತೆ, ಅಷ್ಟೇ. ದೂರ ಹೋಗಿ ವಾಪಸ್ ಬರುತ್ತೆ ಅಂತ ಅದರರ್ಥ ಅಲ್ಲ. ವಾಪಸ್ ಬರೋ ಲೆಕ್ಕ ಬೇರೆ, ಅದನ್ನ ಹೊರಡೋ ಮುಂಚೆ ಹಾಕಬೇಕು.

ಮಿನಿ 3 ನಾರ್ಮಲ್ ಮೋಡ್‌ನಲ್ಲಿ ಸೆಕೆಂಡಿಗೆ 10 ಮೀಟರ್, ಸ್ಪೋರ್ಟ್‌ನಲ್ಲಿ 16 ಮೀಟರ್ ಓಡುತ್ತೆ. ಅದು ಗಾಳಿ ಇಲ್ಲದಾಗಿನ ಮಾತು. ಎದುರುಗಾಳಿ ಎಷ್ಟಿದೆಯೋ ಅಷ್ಟನ್ನ ಇದರಲ್ಲಿ ಕಳೀರಿ. ಗಾಳಿ 7 ಮೀಟರ್ ಇದೆ, ಡ್ರೋನ್ ಗಾಳಿ ಹೋಗೋ ದಿಕ್ಕಿಗೇ 800 ಮೀಟರ್ ಹೋಗಿದೆ ಅಂದ್ಕೊಳ್ಳಿ. ಹೋಗೋಕೆ 80 ಸೆಕೆಂಡು ಸಾಕು. ಬರೋವಾಗ 10ರಲ್ಲಿ 7 ಹೋಗಿ ಉಳಿಯೋದು 3. ಅಂದ್ರೆ 267 ಸೆಕೆಂಡು, ಹತ್ತಿರ ಹತ್ತಿರ ನಾಲ್ಕೂವರೆ ನಿಮಿಷ. ಈಗ ಗಾಳಿ 7ರಿಂದ 9ಕ್ಕೆ ಏರಿತು ಅನ್ನಿ. ಉಳಿಯೋದು ಸೆಕೆಂಡಿಗೆ ಒಂದೇ ಮೀಟರ್. ಅದೇ ದಾರಿಗೆ 800 ಸೆಕೆಂಡು, ಹದಿಮೂರು ನಿಮಿಷ ದಾಟಿತು. ಏರಿದ್ದು ಬರೀ 2 ಮೀಟರ್ ಗಾಳಿ, ದಾರಿ ಮೂರು ಪಟ್ಟು ಉದ್ದ ಆಯ್ತು. ಸ್ಪೋರ್ಟ್‌ಗೆ ಹಾಕಿದ್ರೆ ಅದೇ ದಾರಿ 114 ಸೆಕೆಂಡು, ಆದ್ರೆ ಬ್ಯಾಟರಿ ನೀರಿನ ಹಾಗೆ ಇಳಿಯುತ್ತೆ.

ಹಾಗಾಗಿ ಗಾಳಿ ದಿನ ಮೊದಲು ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರೋವಾಗ ಗಾಳಿ ತಳ್ಳಲಿ. ಶಾಟ್ ಬೇಕಿರೋದು ಗಾಳಿಯ ಕೆಳಗಿನ ದಿಕ್ಕಿನಲ್ಲಾದ್ರೆ ಡ್ರೋನ್ ಕಳಿಸಬೇಡಿ, ನೀವೇ ಬೈಕ್ ಹತ್ತಿ ಆ ಕಡೆ ಹೋಗಿ ನಿಂತ್ಕೊಳ್ಳಿ.

ಮೂರನೇ ಪ್ರಶ್ನೆಗೆ: ಸೆನ್ಸರ್ ಸರಿಯಾಗೇ ಇದೆ. ನೆಲ, ಬೆಳೆ, ಗಿಡ ಗಾಳಿಯನ್ನ ಉಜ್ಜಿ ನಿಧಾನ ಮಾಡುತ್ತವೆ, ಮೇಲೆ ಆ ತಡೆ ಇಲ್ಲ. ಬಯಲಿಗೆ ಅಂದಾಜು ಲೆಕ್ಕ ಏನಂದ್ರೆ, ತಲೆ ಮಟ್ಟದಲ್ಲಿ 4 ಮೀಟರ್ ಇದ್ದ ಗಾಳಿ 60 ಮೀಟರ್ ಎತ್ತರದಲ್ಲಿ ಆರೂವರೆ ಆಗುತ್ತೆ, 120ರಲ್ಲಿ ಏಳು ದಾಟುತ್ತೆ. ಇದು ಸರಾಸರಿ. ಬೀಸು, ಅಂದ್ರೆ ಇದ್ದಕ್ಕಿದ್ದಂತೆ ನುಗ್ಗೋ ಗಾಳಿ, ಇದಕ್ಕೆ ಅರ್ಧದಷ್ಟು ಹೆಚ್ಚಿಗೆ ಬರಬಹುದು. ಡ್ರೋನ್ ಮೇಲೆ ಬೀಳೋ ಒತ್ತಡ ಗಾಳಿಯ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ: ಗಾಳಿ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು. ಬೆಳಗಿನ ಜಾವ ಇನ್ನೂ ಮೋಸ. ರಾತ್ರಿ ತಣ್ಣಗಾದ ನೆಲದ ಮೇಲೆ ತಂಪು ಗಾಳಿ ಪದರ ಕೂತಿರುತ್ತೆ, ಎಲೆ ಅಲ್ಲಾಡಲ್ಲ. ಅದರ ಮೇಲೆ 80–100 ಮೀಟರಿನಲ್ಲಿ ಮುಂಗಾರು ಗಾಳಿ ತನ್ನ ಪಾಡಿಗೆ ಓಡ್ತಾ ಇರುತ್ತೆ. ಬಿಸಿಲೇರಿ ಪದರ ಒಡೆದಾಗ ಆ ಗಾಳಿ ಕೆಳಗಿಳಿಯುತ್ತೆ. ಒಂಬತ್ತು, ಹತ್ತು ಗಂಟೆಗೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು ಅನ್ನಿಸೋದು ಅದಕ್ಕೇ.

ಮುನ್ಸೂಚನೆ ನೋಡೋವಾಗ ನೆಲದ ಗಾಳಿ ನೋಡಿ ಖುಷಿಪಡಬೇಡಿ. ವಿಂಡಿ ಆ್ಯಪ್‌ನಲ್ಲಿ ಎತ್ತರವನ್ನ 100 ಮೀಟರಿಗೆ ಇಟ್ಟು ನೋಡಿ, ಬೀಸಿನ ಅಂಕಿಯನ್ನ ಬೇರೆ ನೋಡಿ. ಅಂಕಿ ನಾಟ್‌ನಲ್ಲಿದ್ದರೆ 1 ನಾಟ್ ಅಂದ್ರೆ ಗಂಟೆಗೆ 1.85 ಕಿ.ಮೀ. ನಾನು ಮಿನಿ ತೂಕದ ಡ್ರೋನ್‌ಗೆ ಇಡೋ ಗೆರೆ ಇದು: ಹಾರಿಸೋ ಎತ್ತರದಲ್ಲಿ ಬೀಸು 8 ಮೀಟರ್ ದಾಟಿದ್ರೆ ಆ ದಿನ ಬ್ಯಾಗ್ ತೆರೆಯಲ್ಲ. ಏರ್ 3, ಮ್ಯಾವಿಕ್ 3ಗೆ ಕಂಪನಿ ಮಿತಿ 12 ಮೀಟರ್. ಅವಕ್ಕೆ 10ರ ತನಕ ಧೈರ್ಯ ಮಾಡಬಹುದು.

ಆದ್ರೂ ಆ್ಯಪ್‌ಗಿಂತ ಡ್ರೋನೇ ಒಳ್ಳೆ ಗಾಳಿಮಾಪಕ. ಏರಿದ ಕೂಡಲೇ 30 ಮೀಟರಿನಲ್ಲಿ ನಿಲ್ಲಿಸಿ, ಮೂತಿಯನ್ನ ಗಾಳಿಗೆ ತಿರುಗಿಸಿ, ನಾರ್ಮಲ್ ಮೋಡ್‌ನಲ್ಲಿ ರಿಮೋಟಿನ ಕಡ್ಡಿ ಪೂರ್ತಿ ಮುಂದಕ್ಕೆ ಹತ್ತು ಸೆಕೆಂಡು ಹಿಡೀರಿ. ಪರದೆ ಮೇಲೆ ವೇಗ 6ರ ಮೇಲೆ ಬಂತಾ, ಎದುರುಗಾಳಿ ದಿಕ್ಕಿಗೆ 400–500 ಮೀಟರ್ ಹೋಗಬಹುದು. 4ರಿಂದ 6ರ ಒಳಗಾ, 150 ಮೀಟರ್ ದೂರದ ಒಳಗೇ ಕೆಲಸ ಮುಗಿಸಿ. 4ಕ್ಕಿಂತ ಕಡಿಮೆ ಬಂದ್ರೆ ಇಳಿಸಿ, ಚಹಾ ಕುಡಿಯೋಣ. ಕೆಲಸ ಮಾಡೋ ಎತ್ತರಕ್ಕೆ ಹೋದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ. ಅಲ್ಲಿ ಬರೋ ಅಂಕಿ ಬೇರೇನೇ ಇರುತ್ತೆ.

ಆರ್‌ಟಿಎಚ್ 100 ಮೀಟರ್ ಮಾತ್ರ ಇವತ್ತೇ ಬದಲಾಯಿಸಿ. ಗುಂಡಿ ಒತ್ತಿದ ಕೂಡಲೇ, ಡ್ರೋನ್ ಅದಕ್ಕಿಂತ ಕೆಳಗಿದ್ದರೆ ಮೊದಲು 100 ಮೀಟರಿಗೆ ಏರುತ್ತೆ. ಅಂದ್ರೆ ಗಾಳಿ ಜಾಸ್ತಿ ಇರೋ ಕಡೆಗೇ ಹೋಗುತ್ತೆ. ಅಲ್ಲಿ ಎದುರುಗಾಳಿಗೆ ಸಿಕ್ಕಿ ನಿಂತಲ್ಲೇ ಒದ್ದಾಡುತ್ತೆ. ಸುತ್ತ ಇರೋ ಅತಿ ಎತ್ತರದ ವಸ್ತು ಯಾವುದು ನೋಡಿ, ಅದರ ಮೇಲೆ 10–15 ಮೀಟರ್ ಸೇರಿಸಿ ಇಡಿ. ಬಯಲು ಹೊಲದಲ್ಲಿ 30–35 ಸಾಕು, ಹೈ ಟೆನ್ಷನ್ ಲೈನಿನ ಟವರ್ ಇದ್ದರೆ ಅದನ್ನ ಲೆಕ್ಕಕ್ಕೆ ತಗೊಳ್ಳಿ. ಮಿನಿ 3ಕ್ಕೆ ಕೆಳಗಡೆ ಬಿಟ್ಟರೆ ಬೇರೆ ಕಡೆ ಕಣ್ಣಿಲ್ಲ, ಅಡ್ಡ ಏನಿದ್ದರೂ ನೇರ ಹೋಗಿ ಹೊಡೆಯುತ್ತೆ. ಇನ್ನೊಂದು, 35 ಇಟ್ಟಿದ್ದೀನಿ, ಒತ್ತಿದ್ರೆ 35ಕ್ಕೆ ಇಳಿದು ಬರುತ್ತೆ ಅಂದ್ಕೋಬೇಡಿ. 90ರಲ್ಲಿದ್ದರೆ 90ರಲ್ಲೇ ಬರುತ್ತೆ. ಇಳಿಸೋದು ನಿಮ್ಮ ಕೆಲಸ.

---

ತುಂಗೆ ದಂಡಿ, ಗಂಗಾವತಿ

ಲೆಕ್ಕ ಎಲ್ಲಾ ಮ್ಯಾಲಿನವ್ರು ಹೇಳ್ಯಾರ. ನಾ ಬೆಟ್ಟದ ಮಾತು ಅಷ್ಟ ಹೇಳ್ತೀನಿ. ಆನೆಗುಂದಿ ಕಡಿ ಡ್ರೋನ್ ಹೋಗೋದು ಗಾಳಿ ಜೋರಿಗೆ ಅಲ್ರಿ, ಗಾಳಿ ತಿರುಗೋದಕ್ಕ.

ಮುಂಗಾರು ಗಾಳಿ ಪಡುವಣ, ನೈಋತ್ಯದಿಂದ ಬರ್ತೈತಿ. ಅಂದ ಮ್ಯಾಲ ಬೆಟ್ಟದ ಮೂಡಣ ಮಗ್ಗಲು ಗಾಳಿಗೆ ಮರೆ ಆಗ್ತೈತಿ. ಅಲ್ಲಿ ನಿಂತ್ರ ಗಾಳೀನ ಇಲ್ಲ ಅನಸ್ತೈತಿ, ಎಲ್ಲಾರೂ ಅಲ್ಲೇ ಡ್ರೋನ್ ಎಬ್ಬಸ್ತಾರ. ಅದ ತಪ್ಪು. ಗಾಳಿ ಬೆಟ್ಟದ ನೆತ್ತಿ ದಾಟಿ ಆ ಮಗ್ಗಲಿಗೆ ಕೆಳಗ ಧುಮುಕತೈತಿ, ಹೊಳಿಯಾಗ ಬಂಡಿಗಲ್ಲಿನ ಹಿಂದ ನೀರು ಸುಳಿ ತಿರುಗಿದಂಗ ತಿರುಗತೈತಿ. 60 ಮೀಟರ್ ಗುಡ್ಡ ಇದ್ರ ಅದರ ಹಿಂದ 300ರಿಂದ 600 ಮೀಟರ್ ತನಕ ಆ ಸುಳಿ ಇರ್ತೈತಿ ಅಂತ ಹಿಡೀರಿ. ಮಿನಿ 3 ನಾರ್ಮಲ್‌ದಾಗ ಮ್ಯಾಲ ಏರೋದು ಸೆಕೆಂಡಿಗೆ 3 ಮೀಟರ್ ಅಷ್ಟ. ಗಾಳಿ 3 ಮೀಟರ್ ಕೆಳಗ ಜಗ್ಗಿದ್ರ ನೀವು ಕಡ್ಡಿ ಪೂರ್ತಿ ಮ್ಯಾಲ ಒತ್ತಿದ್ರೂ ಎತ್ತರ ಏರಂಗಿಲ್ಲ. ಸ್ಪೋರ್ಟ್‌ಗೆ ಹಾಕ್ರಿ, 5 ಮೀಟರ್ ಏರ್ತೈತಿ, ಮತ್ತ ಬೆಟ್ಟದಿಂದ ದೂರ ಸರೀರಿ. ಮ್ಯಾಲ ಏರೋದಕ್ಕಿಂತ ದೂರ ಸರಿಯೋದು ಮುಖ್ಯ.

ಬೆಟ್ಟ ತೆಗೀಬೇಕಂದ್ರ ಪಡುವಣ ಮಗ್ಗಲಿಗೆ, ಬುಡದಿಂದ ಒಂದಿಷ್ಟು ಹಿಂದ ನಿಂತು ಎಬ್ಬಸ್ರಿ. ಅಲ್ಲಿ ಗಾಳಿ ಜೋರ ಇರ್ತೈತಿ ಖರೆ, ಆದ್ರ ಒಂದ ಸಮ ಇರ್ತೈತಿ. ಒಂದ ಸಮ ಇರೋ 6 ಮೀಟರ್ ಗಾಳಿ, ತಿರುಗಾ ಮುರುಗಾ ಬರೋ 3 ಮೀಟರಿಗಿಂತ ವಾಸಿ. ಎರಡು ಗುಂಡುಕಲ್ಲಿನ ನಡುವಿನ ಸಂದಿ ಒಳಗ ತೂರಸಬ್ಯಾಡ್ರಿ, ಅಲ್ಲಿ ಗಾಳಿ ಕಾಲುವಿ ನೀರಿನಂಗ ಇಕ್ಕಟ್ಟಾಗಿ ನುಗ್ತೈತಿ. ನೆತ್ತಿ ಮ್ಯಾಲೂ ಅಷ್ಟ, ಅಂಚಿನಾಗ ಗಾಳಿ ಬಯಲಿಗಿಂತ ಭಾಳ ಜೋರ.

ಹೊತ್ತು: ಸೂರ್ಯ ಹುಟ್ಟಿದಾಗಿಂದ ಎಂಟೂವರಿ ತನಕ. ಹತ್ತರ ಮ್ಯಾಲ ಬಂಡಿ ಕಾಯ್ತಾವ, ಬಿಸಿ ಗಾಳಿ ಏಳ್ತೈತಿ, ಡ್ರೋನ್ ಕುಣೀತೈತಿ. ಮಾರ್ಚ್‌ನಿಂದ ಮೇ ತನಕ ಹೊಲದಾಗ ಸುಳಿಗಾಳಿ ಏಳೋದೂ ಆ ಹೊತ್ತಿಗೇನ. ಸಂಜೀಕ ದೂರದಾಗ ಕಪ್ಪು ಮೋಡ ಗೋಪುರದಂಗ ಎದ್ದು ನಿಂತಿದ್ರ, ಬೀಸೋ ಗಾಳಿ ಒಮ್ಮಿಗೇ ನಿಂತು ಮಾರಿಗೆ ತಣ್ಣನ ಗಾಳಿ ಬಡೀತು ಅಂದ್ರ, ಶಾಟ್ ಅರ್ಧ ಆಗಿದ್ರೂ ಇಳಸ್ರಿ. ಅದರ ಹಿಂದ ಧೂಳೆಬ್ಬಿಸ್ಕೋತ ಬರೋ ಗಾಳಿಗೆ ಯಾವ ಮಿನೀನೂ ನಿಲ್ಲಂಗಿಲ್ಲ.

ಗಾಳಿ ಅಳಿಯೋಕ ಗಿಡ ನೋಡ್ರಿ. ಎಲಿ, ಸಣ್ಣ ಟೊಂಗಿ ಬಿಡದಂಗ ಅಲ್ಲಾಡಿದ್ರ 3.4ರಿಂದ 5.4 ಮೀಟರ್. ರಸ್ತಾದ ಧೂಳು, ಕಾಗದ ಎದ್ರ 8ರ ತನಕ. ಸಣ್ಣ ಗಿಡ ಬುಡದಿಂದ ತೂಗಾಡಿದ್ರ ನಿಮ್ಮ 10.7ರ ಹೊಸ್ತಿಲು. ಕರೆಂಟ್ ವೈರ್ ಸಿಳ್ಳಿ ಹಾಕಿದ್ರ ಹೊಸ್ತಿಲು ದಾಟೇತಿ. ಇದೆಲ್ಲಾ ನೆಲದ ಗಾಳಿ. ಮ್ಯಾಲಿನ ಗಾಳಿಗೆ ಯಲಬುರ್ಗಾ, ಕುಷ್ಟಗಿ ಕಡಿ ನಿಮಗ ಗಾಳಿಲೆ ಕರೆಂಟ್ ತೆಗಿಯೋ ದೊಡ್ಡ ಫ್ಯಾನ್ ಅದಾವಲ್ರೀ. ಫ್ಯಾನಿನ ಮೂತಿ ಯಾವ ಕಡಿ ಐತೋ ಆ ಕಡಿಂದ ಮ್ಯಾಲಿನ ಗಾಳಿ ಬರ್ತೈತಿ. ನೆಲದ ಗಾಳಿ ಒಂದ ಕಡಿ, ಫ್ಯಾನ್ ಮೂತಿ ಇನ್ನೊಂದ ಕಡಿ ಇದ್ರ ಮ್ಯಾಲ ಏರಿದ ಮ್ಯಾಲ ಡ್ರೋನ್ ಬ್ಯಾರೆ ದಿಕ್ಕಿಗೆ ತಳ್ಳಸ್ಕೊಂತೈತಿ ಅಂತ ತಿಳ್ಕೋರಿ. ಆದ್ರ ತಿರುಗೋ ಫ್ಯಾನಿನ ಹಿಂದ ಒಂದು ಕಿಲೋಮೀಟರ್ ಹೋಗಬ್ಯಾಡ್ರಿ, ರೆಕ್ಕಿ ಕಡದ ಗಾಳಿ ಅಷ್ಟು ದೂರ ಕಲಕಿರ್ತೈತಿ.

ಎಬ್ಬಿಸೋ ಜಾಗ ಸಪಾಟ ಬಂಡಿ ಇದ್ರ ಅದರಂಥಾ ಪ್ಯಾಡ್ ಇಲ್ಲ. ಹೊಲದಾಗ ಆದ್ರ ತಾಡಪತ್ರಿ ಹಾಸಿ ನಾಕೂ ಮೂಲಿಗೆ ಕಲ್ಲು ಇಡ್ರಿ. ಮಡಚೋ ಪ್ಯಾಡ್ ಈ ಗಾಳಿಗೆ ತಾನ ಹಾರತೈತಿ. ಕೆಂಪು ಮಣ್ಣಿನಾಗ ಕಬ್ಬಿಣದ ಕರೇ ಹುಡಿ ಇರ್ತೈತಿ, ಮೋಟರ್‌ದ ಅಯಸ್ಕಾಂತಕ್ಕ ಅಂಟಿ ಕರಕರ ಅಂತೈತಿ. ರೆಕ್ಕಿ ಕೈಲೆ ತಿರುಗಿಸಿ ಕಿವಿಗೊಟ್ಟು ಕೇಳ್ರಿ. ಇನ್ನ ಊರ ಸನೇದಾಗ ಹುಡುಗ್ರು ಪಟ ಹಾರಸ್ತಾ ಇದ್ರ ಆ ಮಗ್ಗಲು ಬ್ಯಾಡ. ದಾರ ನಿಮಗ ಕಾಣಂಗಿಲ್ಲ, ಡ್ರೋನ್‌ಗಂತೂ ಕಾಣೋದ ಇಲ್ಲ.

---

ಕುಷ್ಟಗಿ ಕ್ಯಾಮೆರಾ

ಇಬ್ಬರಿಗೂ ಧನ್ಯವಾದ. ಫ್ಯಾನ್ ಮೂತಿ ನೋಡೋದು ದಿನಾ ಕಣ್ಣೆದುರು ಇದ್ರೂ ಹೊಳೆದಿರಲಿಲ್ಲ. ಇನ್ನೊಂದು: ಇಷ್ಟೆಲ್ಲಾ ನೋಡ್ಕೊಂಡೂ ಡ್ರೋನ್ ಗಾಳಿಗೆ ಸಿಕ್ಕಿ ದೂರ ಹೋಗ್ತಾನೇ ಇದೆ ಅಂದ್ರೆ, ಆ ಹೊತ್ತಲ್ಲಿ ಯಾವ ಕ್ರಮದಲ್ಲಿ ಏನು ಮಾಡಬೇಕು? ಇಳಿಸೋವಾಗ ಕೈಯಲ್ಲಿ ಹಿಡಿಯೋದು ಒಳ್ಳೇದಾ?

---

ನಾಲ್ಕು ರೆಕ್ಕೆ, ಬಳ್ಳಾರಿ

ಕ್ರಮ ಹೀಗೆ.

ಮೊದಲು ಆರ್‌ಟಿಎಚ್ ಓಡ್ತಾ ಇದ್ದರೆ ನಿಲ್ಲಿಸಿ, ಆ ಗುಂಡಿಯನ್ನ ಒಮ್ಮೆ ಒತ್ತಿದ್ರೆ ರದ್ದಾಗುತ್ತೆ. ಗಾಳಿಯಲ್ಲಿ ನಿಮ್ಮ ಕೈ ಆರ್‌ಟಿಎಚ್‌ಗಿಂತ ಚುರುಕು.

ಎರಡನೇದು ಎತ್ತರ ಇಳಿಸಿ. ಎಲ್ಲರೂ ಮೊದಲು ಸ್ಪೋರ್ಟ್‌ಗೆ ಹಾಕ್ತಾರೆ, ನಾನು ಇಳಿಸೋದನ್ನ ಮೊದಲು ಹೇಳ್ತೀನಿ. 100ರಿಂದ 30 ಮೀಟರಿಗೆ ಬಂದ್ರೆ ಬಯಲಿನಲ್ಲಿ ಗಾಳಿ ಹದಿನೈದು ಪರ್ಸೆಂಟಿನಷ್ಟು ಕಡಿಮೆಯಾಗುತ್ತೆ, ಒತ್ತಡ ಇನ್ನೂ ಜಾಸ್ತಿ ಇಳಿಯುತ್ತೆ. ಅದಕ್ಕೆ ಬ್ಯಾಟರಿ ಖರ್ಚೂ ಇಲ್ಲ. ಕೆಳಗೆ ಏನಿದೆ ಅಂತ ಕ್ಯಾಮೆರಾ ನೇರ ಕೆಳಗೆ ಮಾಡಿ ಒಮ್ಮೆ ನೋಡ್ಕೊಂಡು ಇಳಿಸಿ, ಅಷ್ಟೇ.

ಆಮೇಲೆ ಸ್ಪೋರ್ಟ್. ಮೂತಿ ಮನೆ ಕಡೆ, ಕಡ್ಡಿ ಪೂರ್ತಿ ಮುಂದಕ್ಕೆ. ಈಗ ವಿಡಿಯೊ ನೋಡಬೇಡಿ, ದೂರದ ಅಂಕಿ ನೋಡಿ. ಹತ್ತು ಸೆಕೆಂಡಿನಲ್ಲಿ ದೂರ 30–40 ಮೀಟರ್ ಆದ್ರೂ ಇಳಿದಿದ್ರೆ ಹಾಗೇ ಬನ್ನಿ. ಇಳೀದೇ ಇದ್ದರೆ ಅಥವಾ ಏರ್ತಾ ಇದ್ದರೆ ಮನೆಗೆ ತರೋ ಆಸೆ ಬಿಡಿ. ಬ್ಯಾಟರಿ ಇರೋವಾಗಲೇ, ಗಾಳಿಗೆ ಅಡ್ಡವಾಗಿ ಸರಿದು, ಇಳಿಸೋಕಾಗೋ ಬಯಲು ಹುಡುಕಿ. ಗದ್ದೆ ನೀರು, ಕಾಲುವೆ, ರಸ್ತೆ ಬಿಟ್ಟು ಯಾವುದಾದ್ರೂ ಸರಿ. ಇಳಿಯೋ ಜಾಗದ ಸ್ಕ್ರೀನ್‌ಶಾಟ್ ತೆಗೀರಿ. ಆ್ಯಪ್ ಕೊನೆಯ ಜಾಗವನ್ನ ನಕ್ಷೆಯಲ್ಲಿ ಉಳಿಸಿಕೊಳ್ಳುತ್ತೆ, ಆದ್ರೂ ತೊಗರಿ ಹೊಲದಲ್ಲಿ ಕಾಲು ಕೆ.ಜಿ. ಬೂದು ಬಣ್ಣದ ವಸ್ತು ಹುಡುಕೋದು ಅಂದ್ರೆ ಗೊತ್ತಲ್ಲ.

ಬ್ಯಾಟರಿ ತೀರಾ ಕೆಳಗೆ ಬಂದಾಗ ಡ್ರೋನ್ ತಾನೇ ಇದ್ದಲ್ಲಿ ಇಳಿಯೋಕೆ ಶುರು ಮಾಡುತ್ತೆ. ಗಾಬರಿಯಾಗಿ ಕಡ್ಡಿ ಬಿಡಬೇಡಿ. ಇಳಿಯೋವಾಗಲೂ ಬಲಗೈ ಕಡ್ಡಿ ಕೆಲಸ ಮಾಡುತ್ತೆ, ಪಕ್ಕಕ್ಕೆ ಸರಿಸಬಹುದು. ಎಡಗೈ ಕಡ್ಡಿ ಮೇಲೆ ಒತ್ತಿದ್ರೆ ಇಳಿಯೋದು ನಿಧಾನ ಆಗುತ್ತೆ.

ಅಷ್ಟು ದೂರ ಬರಬಾರದು ಅಂದ್ರೆ ಬ್ಯಾಟರಿಗೆ ಗೆರೆ ಹಾಕಿ. ಮಿನಿ 3ರ 38 ನಿಮಿಷ ಅನ್ನೋದು ಗಾಳಿ ಇಲ್ಲದ ಹವೆಯಲ್ಲಿ ಗಂಟೆಗೆ 21.6 ಕಿ.ಮೀ. ವೇಗದಲ್ಲಿ ಅಳೆದದ್ದು. ಗಾಳಿ ದಿನ 20–22 ನಿಮಿಷ ಅಂತ ಇಟ್ಕೊಳ್ಳಿ. 50 ಪರ್ಸೆಂಟಿಗೆ ವಾಪಸ್ ತಿರುಗಿಸಿ, 30ಕ್ಕೆ ನೆಲದ ಮೇಲಿರಲಿ.

ಕೈಯಲ್ಲಿ ಹಿಡಿಯೋದು ಗಾಳಿಯಲ್ಲಿ ಬೇಡವೇ ಬೇಡ. ಗಾಳಿಗೆ ಎದೆ ಕೊಟ್ಟು ನಿಂತ ಡ್ರೋನ್ 15–20 ಡಿಗ್ರಿ ವಾಲಿರುತ್ತೆ, ಒಂದು ಬದಿಯ ರೆಕ್ಕೆ ಬೆರಳ ಮಟ್ಟಕ್ಕೆ ಬಂದಿರುತ್ತೆ. ಒಂದು ಬೀಸು ನಿಂತ ಕ್ಷಣ ಅದು ನೆಟ್ಟಗಾಗೋಕೆ ಹೋಗಿ ಮುಂದಕ್ಕೆ ಜಿಗಿಯುತ್ತೆ, ಆ ಮುಂದೆ ನಿಮ್ಮ ಮುಖ ಇರಬಹುದು. ನೆಲಕ್ಕೇ ಇಳಿಸಿ. ಒಂದು ಮೀಟರ್ ಎತ್ತರಕ್ಕೆ ತಂದು ಎರಡು ಬೀಸಿನ ನಡುವಿನ ಬಿಡುವು ನೋಡಿ, ಅನುಮಾನಿಸದೆ ಇಳಿಸಿ, ಮೋಟರ್ ನಿಲ್ಲೋ ತನಕ ಎಡಗೈ ಕಡ್ಡಿ ಕೆಳಗೇ ಹಿಡಿದಿರಿ. ನೆಲ ಮುಟ್ಟಿದ ಮೇಲೆ ಕೈ ಬಿಟ್ಟಾಗಲೇ ಮಗುಚಿ ಬೀಳೋದು. ಗೋಡೆ ಮರೆ ಹುಡುಕ್ತೀರಾದ್ರೆ ಗೋಡೆಗೆ ಅಂಟಿಕೊಂಡು ಬೇಡ, ಸುಳಿ ಅಲ್ಲೂ ಇದೆ.

---

ಫ್ರೇಮ್ ಇಪ್ಪತ್ತೈದು, ರಾಯಚೂರು

ನಾಲ್ಕನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳ್ತೀನಿ.

ಡ್ರೋನ್ ನಿಂತ ಜಾಗದಲ್ಲಿ ನಿಲ್ಲಬೇಕಾದ್ರೂ ಗಾಳಿ ಬರೋ ಕಡೆಗೆ ವಾಲಲೇಬೇಕು. ಕ್ಯಾಮೆರಾ ಗಾಳಿಗೆ ಎದುರಾಗಿದ್ದರೆ ಮೂತಿ ಕೆಳಗಾಗುತ್ತೆ, ಮುಂದಿನ ರೆಕ್ಕೆಗಳು ಫ್ರೇಮಿನ ಮೇಲಂಚಿಗೆ ಇಳಿಯುತ್ತವೆ. ಗಾಳಿ ಪಕ್ಕದಿಂದ ಬಂದ್ರೆ ಡ್ರೋನ್ ಪಕ್ಕಕ್ಕೆ ವಾಲುತ್ತೆ. ಕ್ಯಾಮೆರಾವನ್ನ ಮಟ್ಟವಾಗಿ ಹಿಡಿಯೋ ಗಿಂಬಲ್ ಒಂದು ಮಟ್ಟದ ತನಕ ಸರಿ ಮಾಡುತ್ತೆ, ಆಮೇಲೆ ಅದರ ಕೈ ಮೀರಿ ದಿಗಂತ ಓರೆಯಾಗುತ್ತೆ. ಗಿಂಬಲ್ ಕ್ಯಾಲಿಬ್ರೇಷನ್ ಎಷ್ಟು ಸಲ ಮಾಡಿದ್ರೂ ಇದು ಹೋಗಲ್ಲ. ಗಾಳಿ ಇಲ್ಲದ ಕೋಣೆಯಲ್ಲೂ ಓರೆ ಬಂದ್ರೆ ಮಾತ್ರ ಕ್ಯಾಲಿಬ್ರೇಟ್ ಮಾಡಿ.

ಉಪಾಯ ಇಷ್ಟೇ: ಕ್ಯಾಮೆರಾ ಬೆನ್ನನ್ನ ಗಾಳಿಗೆ ಕೊಡಿ. ಆಗ ಡ್ರೋನ್ ಹಿಂದಕ್ಕೆ ವಾಲುತ್ತೆ, ಮೂತಿ ಮೇಲಾಗುತ್ತೆ, ರೆಕ್ಕೆಗಳು ಫ್ರೇಮಿನಿಂದ ಆಚೆ ಹೋಗುತ್ತವೆ. ಆ ಸ್ಥಿತಿಯಲ್ಲಿ ನಿಧಾನಕ್ಕೆ ಹಿಂದೆ ಎಳೀರಿ. ದೃಶ್ಯ ಮೆಲ್ಲಗೆ ತೆರೆದುಕೊಳ್ಳೋ ಶಾಟ್ ಸಿಗುತ್ತೆ, ಡ್ರೋನ್ ಗಾಳಿಗೆ ಎದುರಾಗಿಯೇ ಸಾಗಿರುತ್ತೆ, ಹಾಗಾಗಿ ಮೇಲೆ ಹೇಳಿದ ವಾಪಸ್ ಲೆಕ್ಕವೂ ಕೆಡಲ್ಲ. ಹಿಂದೆ ಏನಿದೆ ಅಂತ ಮೊದಲೇ ಒಮ್ಮೆ ತಿರುಗಿಸಿ ನೋಡಿಕೊಳ್ಳಿ, ಈ ಮಾದರಿಗೆ ಹಿಂದೆ ಸೆನ್ಸರ್ ಇಲ್ಲ. ಗಾಳಿಗೆ ಮುಖ ಮಾಡಲೇಬೇಕಾದ ಶಾಟ್ ಆದ್ರೆ ಕ್ಯಾಮೆರಾವನ್ನ 10–15 ಡಿಗ್ರಿ ಕೆಳಗೆ ಬಾಗಿಸಿ, ವೇಗವನ್ನ ಅರ್ಧಕ್ಕೆ ಇಳಿಸಿ.

ಷಟರ್ ವಿಷಯದಲ್ಲಿ ಪುಸ್ತಕದ ನಿಯಮ ಗಾಳಿ ದಿನ ಮರೆತುಬಿಡಿ. ಸೆಕೆಂಡಿಗೆ 30 ಫ್ರೇಮ್ ತೆಗೆದ್ರೆ ಷಟರ್ 1/60 ಸೆಕೆಂಡು ಅಂತ ಎಲ್ಲರೂ ಹೇಳ್ತಾರೆ. ಡ್ರೋನ್ ನಡುಗ್ತಿರೋವಾಗ 1/60 ಇಟ್ಟರೆ ಪ್ರತಿ ಫ್ರೇಮೂ ಮಸುಕು, ಎಡಿಟಿಂಗ್‌ನಲ್ಲಿ ಸ್ಥಿರ ಮಾಡಿದ್ರೂ ಆ ಮಸುಕು ಮಿಡಿಯೋ ಹಾಗೆ ಕಾಣುತ್ತೆ. ಮಿನಿ 3ರ ಲೆನ್ಸ್ ಎಫ್/1.7, ಅದನ್ನ ಕಿರಿದು ಮಾಡೋಕಾಗಲ್ಲ. ನಡು ಬಿಸಿಲಲ್ಲಿ ಐಎಸ್‌ಒ 100ಕ್ಕೆ ಷಟರ್ ಸುಮಾರು 1/8000ದ ಆಸುಪಾಸು ಹೋಗುತ್ತೆ. ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್ 64 ಹಾಕಿದ್ರೆ 1/125ರ ಹತ್ತಿರ, 32 ಹಾಕಿದ್ರೆ 1/250, 16 ಹಾಕಿದ್ರೆ 1/500. ಗಾಳಿ ದಿನಕ್ಕೆ 16 ಅಥವಾ 32 ಸಾಕು. ಬೆಳಗ್ಗೆ ಏಳಕ್ಕೆ ಫಿಲ್ಟರೇ ಬೇಡ ಅನ್ನಬಹುದು. ಬೇರೆ ಮಾದರಿಯ ಫಿಲ್ಟರ್ ತಂದು ಅಂಟಿಸಬೇಡಿ, ಆ ಗಿಂಬಲ್ ಮೋಟರಿಗೆ ಒಂದು ಗ್ರಾಂ ಹೆಚ್ಚಾದ್ರೂ ಭಾರವೇ, ಗಾಳಿ ಬೇರೆ ಮೇಲೆ. 4ಕೆ ತೆಗೆದು ಕೊನೆಯ ವಿಡಿಯೊ ಫುಲ್ ಎಚ್‌ಡಿಗೆ ಇಳಿಸಿದ್ರೆ, ಓರೆ ತಿದ್ದೋಕೆ ಅಂಚು ಕತ್ತರಿಸಿದ್ರೂ ನಷ್ಟ ಗೊತ್ತಾಗಲ್ಲ.

ಡ್ರೋನ್ ತಾನೇ ಹಾರಿ ತೆಗೆಯೋ ಕ್ವಿಕ್‌ಶಾಟ್‌ನ ಸರ್ಕಲ್, ಹೆಲಿಕ್ಸ್, ಬೂಮರಾಂಗ್ ಗಾಳಿ ದಿನ ಮುಟ್ಟಬೇಡಿ. ಸುತ್ತಿನ ಅರ್ಧ ಭಾಗ ಗಾಳಿ ಜೊತೆ, ಅರ್ಧ ಗಾಳಿಗೆ ಎದುರು. ವೃತ್ತ ಮೊಟ್ಟೆ ಆಕಾರ ಆಗುತ್ತೆ, ಮೊಟ್ಟೆಯ ಚೂಪು ತುದಿಯಲ್ಲಿ ಬೇವಿನ ಮರ ಇರುತ್ತೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮಿನಿ 3ಕ್ಕೆ ಹವೆಯ ಮಿತಿ 40 ಡಿಗ್ರಿ. ಏಪ್ರಿಲ್, ಮೇನಲ್ಲಿ ರಾಯಚೂರು ಅದನ್ನ ಮಧ್ಯಾಹ್ನದೊಳಗೆ ದಾಟಿರುತ್ತೆ. ಬಿಸಿ ಗಾಳಿ ತೆಳು, 15 ಡಿಗ್ರಿ ಗಾಳಿಗಿಂತ 40 ಡಿಗ್ರಿ ಗಾಳಿ ಶೇ. 8ರಷ್ಟು ಹಗುರ, ಅದಕ್ಕೇ ಮೋಟರ್ ಹೆಚ್ಚು ತಿರುಗಬೇಕು. ಬ್ಯಾಟರಿಗಳನ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಹಾರಿಸಿ ತಂದ ಬಿಸಿ ಬ್ಯಾಟರಿಯನ್ನ ಆರೋ ತನಕ ಚಾರ್ಜಿಗೆ ಹಾಕಬೇಡಿ.

---

ಮಸ್ಕಿ ಶಾಸನ

ಒಂದು ತಿದ್ದುಪಡಿ. "10ರಲ್ಲಿ 7 ಕಳೆದ್ರೆ 3" ಅನ್ನೋ ಲೆಕ್ಕ ಎಲ್ಲಾ ಮಾದರಿಗೂ ಅಷ್ಟು ಕರಾರುವಾಕ್ಕಲ್ಲ. ನಾರ್ಮಲ್ ಮೋಡ್‌ನಲ್ಲಿ ವೇಗ ಕಟ್ಟಿಹಾಕೋದು ಡ್ರೋನ್ ಎಷ್ಟು ವಾಲಬಹುದು ಅನ್ನೋ ಮಿತಿ. ಮಿನಿ 2ರಲ್ಲಿ ಆ ಮಿತಿ ಮಾಮೂಲಿಗೆ 25 ಡಿಗ್ರಿ, ಜೋರು ಗಾಳಿಯಲ್ಲಿ ತಾನಾಗೇ 40ರ ತನಕ ವಾಲೋಕೆ ಬಿಡುತ್ತೆ. ಹಾಗಾಗಿ ನಿಜವಾಗಿ 3ಕ್ಕಿಂತ ಜಾಸ್ತಿ ಸಿಗಬಹುದು. ಆದ್ರೂ ಯೋಜನೆ ಹಾಕೋವಾಗ 3 ಅಂತಲೇ ಇಟ್ಕೊಳ್ಳಿ, ಜಾಸ್ತಿ ಸಿಕ್ಕಿದ್ದು ಲಾಭ. ಹತ್ತು ಸೆಕೆಂಡಿನ ಕಡ್ಡಿ ಪರೀಕ್ಷೆ ಈ ಗೊಂದಲವನ್ನೇ ತೆಗೆದುಹಾಕುತ್ತೆ, ನನಗೆ ಇಡೀ ಥ್ರೆಡ್‌ನಲ್ಲಿ ಹಿಡಿಸಿದ್ದು ಅದು.

ಗಾಳಿಗೆ ಸಂಬಂಧಪಟ್ಟ ಒಂದು ಕಾನೂನಿನ ಮಾತನ್ನೂ ಸೇರಿಸ್ತೀನಿ. ಹಸಿರು ವಲಯ, ಅಂದ್ರೆ ಮುಂಚಿತ ಅನುಮತಿ ಇಲ್ಲದೆ ಹಾರಿಸಬಹುದಾದ ಜಾಗ, 120 ಮೀಟರ್ ಎತ್ತರದ ತನಕ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿ.ಮೀ. ಒಳಗಾದ್ರೆ 60 ಮೀಟರ್ ತನಕ ಮಾತ್ರ. ಬಳ್ಳಾರಿ ಕಡೆಯವರು ತೋರಣಗಲ್ಲು ನಿಲ್ದಾಣವನ್ನ ಮರೀತಾರೆ. ಗಾಳಿ ಡ್ರೋನನ್ನ ಗೆರೆ ದಾಟಿಸಿದ್ರೂ ದಾಟಿಸಿದವರು ನೀವೇ ಅಂತಲೇ ಲೆಕ್ಕ. ಹಾಗಾಗಿ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಕೆಂಪು, ಹಳದಿ ಗೆರೆ ಎಲ್ಲಿದೆ ನೋಡಿ, ಗೆರೆ ನಿಮ್ಮ ಗಾಳಿಯ ಕೆಳ ದಿಕ್ಕಿಗೆ ಬೀಳದ ಹಾಗೆ ನಿಲ್ಲಿ. ಆನೆಗುಂದಿಯಲ್ಲಿ ಹೊಳೆ ಆಚೆ ಹಂಪಿ. ಅಲ್ಲಿನ ಸ್ಮಾರಕಗಳ ಮೇಲೆ ಪುರಾತತ್ವ ಇಲಾಖೆ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. ಜಾತ್ರೆ, ತೇರಿನ ಜನಸಂದಣಿ ಮೇಲಂತೂ ಗಾಳಿ ಇರಲಿ ಬಿಡಲಿ ಬೇಡ.

ಸಾಣಾಪುರ ಕೆರೆ ಮೇಲೆ ಹಾರಿಸೋರು ಗಮನಿಸಿ: ನೀರಿಗೆ 2–3 ಮೀಟರ್ ಹತ್ತಿರ ಹೋದ್ರೆ ಕೆಳಗಿನ ಸೆನ್ಸರ್ ಓಡೋ ಅಲೆಯನ್ನ ನೆಲ ಅಂದ್ಕೊಂಡು ಅಲೆ ಜೊತೆಗೇ ಜರುಗಬಹುದು. ಗಾಳಿ ದಿನ ಅಲೆ ಇರೋದೇ. 10 ಮೀಟರ್ ಮೇಲೇ ಇರಿ.

---

ಕುಷ್ಟಗಿ ಕ್ಯಾಮೆರಾ

ಎಲ್ಲಾ ಬರೆದಿಟ್ಟುಕೊಂಡೆ. ಕೊನೆಯದೊಂದು. ರೆಕ್ಕೆ ಅಂಚಲ್ಲಿ ಸಣ್ಣ ಕಚ್ಚು ಬಿದ್ದಿದೆ, ಉಗುರಿಗೆ ಸಿಗುವಷ್ಟು. ಗಾಳಿ ಇಲ್ಲದಾಗ ಸರಿಯಾಗೇ ಹಾರುತ್ತೆ. ಬದಲಾಯಿಸಬೇಕಾ?

---

ತುಂಗೆ ದಂಡಿ, ಗಂಗಾವತಿ

ಉಗುರಿಗೆ ಸಿಗ್ತೈತಿ ಅಂದ್ರ ತೆಗೀರಿ. ಗಾಳಿ ಇಲ್ಲದಾಗ ಮೋಟರ್ ಅರ್ಧ ಜೋರಿನಾಗ ತಿರುಗ್ತಿರ್ತೈತಿ, ಗೊತ್ತಾಗಂಗಿಲ್ಲ. ಗಾಳ್ಯಾಗ ಪೂರ್ತಿ ತಿರುಗಿದಾಗ ಆ ಕಚ್ಚಿನಿಂದಾನ ಸೀಳು ಓಡ್ತೈತಿ. ಒಂದು ಮೋಟರಿಗೆ ಎರಡು ರೆಕ್ಕಿ ಇರ್ತಾವ, ಕಚ್ಚು ಬಿದ್ದದ್ದು ಒಂದ ಆದ್ರೂ ಎರಡೂ ಬದಲಿ ಮಾಡ್ರಿ, ಇಲ್ಲಂದ್ರ ತೂಕ ಹೊಂದಂಗಿಲ್ಲ, ವಿಡಿಯೊ ಜೆಲ್ಲಿಯಂಗ ಅದರ್ತೈತಿ. ಗುರುತಿನ ಗೆರಿ ಇರೋ ರೆಕ್ಕಿ ಗುರುತಿರೋ ತೋಳಿಗೆ, ಗುರುತಿಲ್ಲದ್ದು ಗುರುತಿಲ್ಲದ ತೋಳಿಗೆ. ಅದಲು ಬದಲು ಆದ್ರ ಏಳೋ ಹೊತ್ತಿಗೇನ ಮಗುಚತೈತಿ. ಹೊಸಾ ರೆಕ್ಕಿ ಜೊತಿ ಬಂದ ಹೊಸಾ ಸ್ಕ್ರೂನ ಹಾಕ್ರಿ, ಡಬ್ಬಿ ಒಳಗಿನ ಸಣ್ಣ ಸ್ಕ್ರೂಡ್ರೈವರ್‌ಲೇ ಬಿಗೀರಿ. ಬಿಗಿದ ಮ್ಯಾಲ ರೆಕ್ಕಿ ತನ್ನ ಕೀಲಿನ ಮ್ಯಾಲ ಸಡಿಲಾಗಿ ಮಡಚಬೇಕು. ಬೆರಳಲೇ ತಳ್ಳಿದ್ರೂ ಗಟ್ಟಿ ನಿಂತ್ರ ಸ್ಕ್ರೂ ಜಾಸ್ತಿ ಬಿಗಿದೈತಿ, ಕಾಲು ಸುತ್ತು ಬಿಡ್ರಿ.